ನಂಗೇನ್ ಗೊತ್ತು ಸಾರ್!

ವಿದ್ಯೆ ವಿನಯ ಕೊಡುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು ಬರೆದೇ ನಿವೃತ್ತರಾದವರು ತಲಕಾಡಿನ ನಮ್ಮ ಮೇಷ್ಟ್ರು. ಈಗ ಆ ವಿನಯ ಎಷ್ಟು ಬಂದುಬಿಟ್ಟಿದೆಯೆಂದರೆ, ಅವರ ಮುಂದೆ ಬಾಯಿ ತೆರೆಯಲು ಬೇರೆಯವರಿಗೆ ಧೈರ್ಯವಿಲ್ಲ.

"ನಂಗೇನ್ ಗೊತ್ತು ಸಾರ್, ನಾನೊಬ್ಬ ಪ್ರೈಮರಿ ಮೇಷ್ಟ್ರು" ಎಂದು ಪಂಚೆ ಎತ್ತಿ ಕಟ್ಟಿದರೆಂದರೆ ಗಂಗರು ಶುರುವಾದರು ಅಂತಲೇ ಲೆಕ್ಕ. ಬೆಂಗಳೂರಿನಿಂದ ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು, ಮರಳಲ್ಲಿ ಕಾಲೆಳೆದುಕೊಂಡು ಪಾತಾಳೇಶ್ವರ, ಮರಳೇಶ್ವರ ಮುಗಿಸಿ, ವೈದ್ಯೇಶ್ವರನ ಗುಡಿ ಹತ್ತಿರ ಉಸ್ಸಪ್ಪಾ ಎಂದು ಕೂರುತ್ತಾರೆ. ಮಗುವಿಗೆ ಅಲಮೇಲಮ್ಮನ ಶಾಪದ ಕಥೆ ತೆಗೆಯುತ್ತಾರೆ. ಅಷ್ಟು ಸಾಕು.

"ಶಾಪ ಗೀಪ ಏನಿಲ್ಲ ಮಗಾ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಹೊಳೆಗೆ ಕಟ್ಟೆ ಹಾಕಿಸ್ದ. ನೀರು ತಗ್ತು, ಮರಳು ಬಯಲಾಯ್ತು, ಗಾಳಿಗೆದ್ದು ಊರ ಮೇಲೆ ಬಂತು."

ವಿಜ್ಞಾನಿ ಕೆ.ಎನ್. ಗಣೇಶಯ್ಯನವರು 2007ರ ಲೇಖನವೊಂದರಲ್ಲಿ ಇದನ್ನು ಒಂದು ವಾದವಾಗಿ ಮುಂದಿಟ್ಟರು. ಮೇಷ್ಟ್ರು ಮಾತ್ರ 14ನೇ ಶತಮಾನದಲ್ಲಿ ಆ ಕಟ್ಟೆ ಕೆಲಸಕ್ಕೆ ತಾವೇ ಮೇಸ್ತ್ರಿಯಾಗಿದ್ದವರ ಹಾಗೆ ಹೇಳುತ್ತಾರೆ.

1990ರ ದಶಕದಲ್ಲಿ ಇಲ್ಲಿ ಉತ್ಖನನ ನಡೆದಾಗ ಮೇಷ್ಟ್ರು ಶಾಲೆ ಬಿಟ್ಟ ಕೂಡಲೇ ಹೋಗಿ ಗುಂಡಿಯ ಅಂಚಿನಲ್ಲಿ ನಿಲ್ಲುತ್ತಿದ್ದರಂತೆ. ಒಳಗಿಳಿದವರು ಮಡಕೆ ಚೂರನ್ನು ಕುಂಚದಲ್ಲಿ ಒರೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ತುಟಿಪಿಟಕ್ಕೆನ್ನದೆ ಚೀಲಕ್ಕೆ ಹಾಕಿ ಚೀಟಿ ಕಟ್ಟುತ್ತಿದ್ದರು. ಅದು ಯಾವ ರಾಜನ ಅಡುಗೆಮನೆಯದೆಂದು ಮೇಲಿನಿಂದ ಮೇಷ್ಟ್ರು ಹೇಳಿಬಿಡುತ್ತಿದ್ದರು. ಇಳಿದವರಿಗೆ ಮೈಯೆಲ್ಲ ಮಣ್ಣು, ನಿಂತವರಿಗೆ ಗತ್ತು. ನಾನು ಕಂಡಂತೆ ಎಲ್ಲ ಊರಲ್ಲೂ ಹೀಗೇ.

ಅವರಿಗಿರುವವರು ಒಬ್ಬರೇ ಎದುರಾಳಿ, ಟಿ. ನರಸೀಪುರದ ರಿಟೈರ್ಡ್ ಗುಮಾಸ್ತರು. ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದದ್ದು 1116ರಲ್ಲಿ ಎಂದು ಇವರು, 1117 ಎಂದು ಅವರು. ಪುಸ್ತಕಗಳಲ್ಲಿ ಎರಡೂ ಸಿಗುತ್ತವೆ, ಜಗಳಕ್ಕೆ ಅದೇ ಅನುಕೂಲ. ಕೀರ್ತಿನಾರಾಯಣನ ಗುಡಿ ಮುಂದೆಯೇ ಮಾತು ಬಿಟ್ಟರು. ಇವರ ಮಗಳ ಮದುವೆಗೆ ಅವರು ಬರಲಿಲ್ಲ, ಅವರ ಮನೆ ಗೃಹಪ್ರವೇಶಕ್ಕೆ ಇವರು ಹೋಗಲಿಲ್ಲ. 'ತಲಕಾಡುಗೊಂಡ' ಎಂದು ಬಿರುದು ಹೊತ್ತ ದೊರೆಗಾದರೂ ಇಷ್ಟು ಹಟ ಇತ್ತೋ ಇಲ್ಲವೋ!

ಒಂದು ಸಂಜೆ ಕಡ್ಲೆಕಾಯಿ ಮಾರುವ ಅಜ್ಜಿ ನಡುವೆ ಬಾಯಿ ಹಾಕಿತು. "ಅದಿರ್ಲಿ ಮೇಷ್ಟ್ರೇ, ಮರಳು ಮನೆ ಬಾಗ್ಲಿಗೆ ಬಂದ ದಿನ ಹೆಂಗಸ್ರು ಮೊದ್ಲು ಏನ್ ಎತ್ಕಂಡು ಓಡುದ್ರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ನಂಗೇನವ್ವ ಗೊತ್ತು" ಎಂದರು. ಅದರ ಹಿಂದೆ ಏನೂ ಬರಲಿಲ್ಲ. ಎರಡು ಸೇರು ಕಡ್ಲೆಕಾಯಿ ಕೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟು ಮನೆಗೆ ಹೋದರು. ಮಾರನೇ ದಿನ ಬೆಳಿಗ್ಗೆ ಜಾಗದಲ್ಲಿ ಹಾಜರಿದ್ದರು, ಬಿಡಿ.

ಕಾರ್ತಿಕ ಸೋಮವಾರಕ್ಕೆ ಆ ಕಡೆ ಹೋಗುವವರಿದ್ದರೆ ಖಂಡಿತ ಅವರನ್ನು ಮಾತಾಡಿಸಿ, ಮನುಷ್ಯ ಒಳ್ಳೆಯವರು. ಆದರೆ ಮೈಸೂರಿಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಕಂಡಕ್ಟರನ್ನೇ ಕೇಳಿಕೊಳ್ಳಿ.