ನೇಗಿಲು ಕಿರಿಯ

ಎಲ್ಲಾ ಆದದ್ದು ಒಂದು ಸೊನ್ನೆ ಜಾಗ ತಪ್ಪಿ ಕೂತದ್ದರಿಂದ. ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಪಟ್ಟಿ ಹಾಕಿದ್ದ: ‘ಉಪ್ಪಿನಗಂಡಿ–ಮಂಗಳೂರು–ಪಣಂಬೂರು ಸೈಕಲ್ ಸವಾರಿ, ಆದಿತ್ಯವಾರ ಬೆಳಗ್ಗೆ 5 ಗಂಟೆ, ಬರುವವರು ಹೆಸರು ಸೇರಿಸಿ.’ ಮೂವತ್ತು ವರ್ಷ ಸಹಕಾರಿ ಸಂಘದಲ್ಲಿ ಲೆಜರು ಬರೆದ ಕಣ್ಣು ನನ್ನದು. ಹೆಸರಿನಲ್ಲೇ ಅಂಗಡಿ ಇಟ್ಟುಕೊಂಡ ಊರನ್ನು ಹೀಗೆ ಹಗಲುಹೊತ್ತಿನಲ್ಲಿ ಗಂಡಿ ಮಾಡಿದರೆ ಸುಮ್ಮನಿರುವುದು ಹೇಗೆ? ಪಟ್ಟಿಯನ್ನು ನಕಲು ಮಾಡಿ, ಸೊನ್ನೆಯನ್ನು ಗಕಾರದಿಂದ ಎತ್ತಿ ನಕಾರಕ್ಕೆ ಕೂರಿಸಿ, ತಿರುಗಿ ಹಾಕಿದೆ. ಅದನ್ನು ನೋಡಿದ ಅಳಿಯ ‘ಮಾವನೂ ಬರ್ತಾರೆ’ ಎಂದು ನನ್ನ ಹೆಸರನ್ನು 23ನೆಯದಾಗಿ ಸೇರಿಸಿದ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹದಿನಾಲ್ಕು ಹೆಬ್ಬೆಟ್ಟುಗಳು ಎದ್ದು ನಿಂತಿದ್ದವು.

ಹಿಂದೆಗೆಯಬಹುದಿತ್ತು. ಆದರೆ ಆ ರಾತ್ರಿ ನನಗೊಂದು ತರ್ಕ ಹೊಳೆಯಿತು. ನೇತ್ರಾವತಿ ನಮ್ಮ ಊರಿನಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ಮಂಗಳೂರಿಗೆ ಹೋಗುತ್ತದೆ. ಅದಕ್ಕೆ ಕಾಲಿಲ್ಲ, ಗೇರಿಲ್ಲ. ನೀರು ಹೋಗುವುದು ಇಳಿಜಾರಿಗೆ. ಆದ್ದರಿಂದ ಉಪ್ಪಿನಂಗಡಿಯಿಂದ ಮಂಗಳೂರಿನವರೆಗೆ ಇಳಿಜಾರು. ಸೈಕಲ್ ಮೇಲೆ ಕೂತರಾಯಿತು, ಉಳಿದದ್ದು ಭೂಮಿಯ ಕೆಲಸ. ಇದನ್ನು ಹೆಂಡತಿಗೆ ಹೇಳಿದೆ. ಅವಳು ತೆಂಗಿನಕಾಯಿ ಹೆರೆಯುವುದನ್ನು ನಿಲ್ಲಿಸದೆ, “ನೀರು ಬಳಸಿಕೊಂಡು ಹೋಗ್ತದೆ. ನಿಮ್ಮ ರಸ್ತೆ ಗುಡ್ಡೆ ಹತ್ತಿ ಹೋಗ್ತದೆ” ಎಂದಳು. ಭೂಗೋಳ ಓದದವರ ಮಾತು ಎಂದು ನಾನು ಲಕ್ಷ್ಯ ಕೊಡಲಿಲ್ಲ.

ಸೈಕಲ್ಲು ಅಳಿಯನದೇ, ಹಳತು. ಹಳತು ಎಂದರೂ ಅದರ ಕ್ರಯ ನನ್ನ ಮೊದಲ ಸ್ಕೂಟರಿನದಕ್ಕಿಂತ ಜಾಸ್ತಿ. ಇಪ್ಪತ್ತೊಂದು ಗೇರು, ಆದರೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲೂ ಇಲ್ಲ. ಅಷ್ಟು ಹಣ ಕೊಟ್ಟವರು ಗೋಡೆ ಹುಡುಕಿ ಒರಗಿಸಬೇಕು. ಜತೆಗೆ ಅವನು ಕೊಟ್ಟ ಚಡ್ಡಿ. ಅದರ ಹಿಂಭಾಗಕ್ಕೆ ಒಳಗಿನಿಂದ ಗಾದಿ ಹೊಲಿದಿತ್ತು. ಹಾಕಿಕೊಂಡು ನಡೆದರೆ ತೊಟ್ಟಿಲಿನಿಂದ ಈಗಷ್ಟೇ ಇಳಿದ ಮಗುವಿನ ಗತ್ತು. ಮರ್ಯಾದೆಗೆ ಮೇಲೆ ಲುಂಗಿ ಉಟ್ಟು ದಣಪೆಯವರೆಗೆ ಸೈಕಲ್ ದೂಡಿಕೊಂಡು ಹೋಗಿ, ಕತ್ತಲಲ್ಲಿ ಲುಂಗಿ ಬಿಚ್ಚಿ ಅಲ್ಲಿಯೇ ದಾಸವಾಳದ ಗಿಡದ ಮೇಲೆ ಹಾಕಿ ಹೊರಟೆ.

ಸಹಸ್ರಲಿಂಗೇಶ್ವರನ ಎದುರು ಎಲ್ಲರೂ ಸೇರಿದರು. ತಲೆಗೆ ಹೆಲ್ಮೆಟ್ಟು, ಹಿಂದೆ ಮಿಣುಕುವ ಕೆಂಪು ದೀಪ. ಒಬ್ಬ ನಾಯಕ, ಅವನ ಹಿಂದೆ ಸಾಲು, ಕಟ್ಟಕಡೆಗೆ ‘ಸ್ವೀಪ್’ ಎಂಬ ಹುದ್ದೆಯ ಒಬ್ಬ ಹುಡುಗ. ಎಲ್ಲರಿಗಿಂತ ಹಿಂದೆ ಬೀಳುವವನ ಹಿಂದೆ ಅವನಿರಬೇಕು ಎಂಬುದು ನಿಯಮ. ಇಂಜಿನಿಯರಿಂಗ್ ಓದುವ, ಹದಿನೈದು ನಿಮಿಷದಲ್ಲಿ ಪುತ್ತೂರು ಮುಟ್ಟಬಲ್ಲ ಕಾಲುಗಳುಳ್ಳ ಹುಡುಗ. ಸೇತುವೆ ದಾಟುವುದರೊಳಗೆ ಅವನಿಗೂ ನನಗೂ ಆ ದಿನದ ಋಣಾನುಬಂಧ ತೀರ್ಮಾನವಾಯಿತು.

ಸೇತುವೆ ಕಳೆದ ಕೂಡಲೇ ನೆಕ್ಕಿಲಾಡಿ. ಬೆಂಗಳೂರಿನಿಂದ ಬಂದು ಸೇರಿದ ಒಬ್ಬರು ಬೋರ್ಡಿಗೆ ಟಾರ್ಚು ಹಿಡಿದು ಗಾಬರಿಯಾದರು. “ನೆಕ್ಕಿಲಾಡಿಗೆ ಇನ್ನೂ 34 ಕಿಲೋಮೀಟರಾ? ಮ್ಯಾಪಿನಲ್ಲಿ ಇಲ್ಲೇ ತೋರಿಸ್ತಿದೆಯಲ್ಲ!” ಊರಿನ ಹೆಸರೇ 34 ನೆಕ್ಕಿಲಾಡಿ, ನಾವೀಗ ಅದರೊಳಗೇ ಇದ್ದೇವೆ ಎಂದು ತಿಳಿಸಿದೆವು. ಕಡಬ ತಾಲೂಕಿನಲ್ಲಿ 102 ನೆಕ್ಕಿಲಾಡಿ ಎಂದು ಇನ್ನೊಂದಿದೆ ಎಂದು ನಾನು ಸೇರಿಸಬಾರದಿತ್ತು. ಅವರು ಮಂಗಳೂರಿನವರೆಗೂ ಕಿಲೋಮೀಟರು ಬರೆದ ಯಾವ ಕಲ್ಲನ್ನೂ ನಂಬಲಿಲ್ಲ.

ಗುಂಪಿನ ಸವಾರಿಗೆ ಕೈಭಾಷೆ ಉಂಟು. ಮುಂದಿನವನು ಹೊಂಡ ಕಂಡರೆ ಬೆರಳು ಕೆಳಗೆ ತೋರಿಸಬೇಕು, ಹಿಂದಿನವನು ಅದನ್ನು ತನ್ನ ಹಿಂದಿನವನಿಗೆ ದಾಟಿಸಬೇಕು. ಹೊಂಡ ಅಪರೂಪವಾಗಿರುವ ದೇಶದಲ್ಲಿ ಹುಟ್ಟಿದ ಪದ್ಧತಿ ಇರಬೇಕು. ಹೆದ್ದಾರಿ 48 ಇದ್ದದ್ದು 75 ಆಗಿ, ದ್ವಿಪಥ ಚತುಷ್ಪಥವಾಗುತ್ತ ವರ್ಷಗಳೇ ಕಳೆದ ನಮ್ಮ ರಸ್ತೆಯಲ್ಲಿ ಕೆಳಗೆ ಹೋದ ಬೆರಳು ಹ್ಯಾಂಡಲಿಗೆ ಮರಳಲು ಪುರುಸೊತ್ತಿರಲಿಲ್ಲ. ಅಲ್ಲದೆ ಇಪ್ಪತ್ತೆರಡು ಬೆರಳು ದಾಟಿ ಸುದ್ದಿ ನನ್ನವರೆಗೆ ಬರುವಾಗ ಹೊಂಡವೂ ಬಂದಿರುತ್ತಿತ್ತು. ನಾನು ಬೀಳುವ ಶಬ್ದವೇ ನನ್ನ ಹಿಂದಿನವನಿಗೆ ಸಂಕೇತ.

ಪೆರ್ನೆಯ ಹತ್ತಿರ ನನ್ನ ಇಳಿಜಾರಿನ ತರ್ಕ ನಿಂತುಹೋಯಿತು. ರಸ್ತೆ ಮೇಲಕ್ಕೆ ಹೋಗುತ್ತಿತ್ತು. ಬಸ್ಸಿನಲ್ಲಿ ಸಾವಿರ ಸಲ ಓಡಾಡಿದ್ದೇನೆ, ಈ ಏರು ಅಲ್ಲಿತ್ತೆಂದು ನನಗೆ ಗೊತ್ತೇ ಇಲ್ಲ. ಬಸ್ಸಿಗೆ ಮೊಣಕಾಲಿಲ್ಲ. ನಾನು ಇಳಿದು ದೂಡಲು ಸುರುಮಾಡಿದೆ. 2006–07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ನಮ್ಮ ಕಡೆಯ ಮಕ್ಕಳು ಅದನ್ನು ಶಾಲೆಗೆ ಜತೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ಗುಡ್ಡೆಯ ಊರಿನಲ್ಲಿ ಸೈಕಲ್ ವಾಹನವಲ್ಲ, ಗೆಳೆಯ. ಸ್ವೀಪ್ ಹುಡುಗನೂ ಮರ್ಯಾದೆಗೆ ಇಳಿದು ನಡೆದ. “ಟೆನ್ಶನ್ ಇಲ್ಲ ಅಂಕಲ್, ನಿಧಾನ ಬನ್ನಿ.” ಇದಕ್ಕಿಂತ ನಿಧಾನಕ್ಕೆ ಬರಬೇಕಾದರೆ ನಾನು ಹಿಂದಕ್ಕೆ ಹೋಗಬೇಕಿತ್ತು.

ಮುಂದೊಂದು ಮೀನಿನ ಲಾರಿ ನಿಧಾನಕ್ಕೆ ಹೋಗುತ್ತಿತ್ತು. ದೊಡ್ಡ ವಾಹನದ ಮರೆಯಲ್ಲಿ ಹೋದರೆ ಗಾಳಿಯ ತಡೆ ಕಡಿಮೆ, ಶ್ರಮವೂ ಕಡಿಮೆ ಎಂದು ಅಳಿಯ ಕಲಿಸಿದ್ದ. ಗಾಳಿ ಕಡಿಮೆಯಾದದ್ದು ಹೌದು. ಆದರೆ ಇದ್ದಷ್ಟೂ ಬಂಗುಡೆಯ ಗಾಳಿ, ಮೇಲಿಂದ ಅದರದೇ ನೀರಿನ ಪ್ರೋಕ್ಷಣೆ. ಆಗ ನಮ್ಮ ಮನೆಗೆ ಬರುತ್ತಿದ್ದ ಮೀನಿನ ಬ್ಯಾರಿಗಳು ನೆನಪಿಗೆ ಬಂದರು. ಕ್ಯಾರಿಯರಿನಲ್ಲಿ ಕುಕ್ಕೆ, ಹ್ಯಾಂಡಲಿಗೆ ರಬ್ಬರಿನ ಹಾರ್ನು, ದಿನಾ ಎಷ್ಟು ಮೈಲಿಯೋ, ಎಷ್ಟು ಗುಡ್ಡೆಯೋ. ಅವರಿಗೆ ಗೇರು ಇರಲಿಲ್ಲ, ಗಾದಿಯ ಚಡ್ಡಿಯೂ ಇರಲಿಲ್ಲ. ಸರಾಸರಿ ವೇಗವನ್ನು ಫೋನು ಲೆಕ್ಕ ಹಾಕುತ್ತಿರಲಿಲ್ಲ, ಬೆಕ್ಕುಗಳು ಹಾಕುತ್ತಿದ್ದವು. ಹಾರ್ನು ಕೇಳುವುದಕ್ಕೆ ಐದು ನಿಮಿಷ ಮೊದಲೇ ನಮ್ಮ ಬೆಕ್ಕು ದಣಪೆಯಲ್ಲಿ ಹಾಜರು.

ನಾನು ಇಷ್ಟು ಹಿಂದೆ ಬೀಳುವುದರಲ್ಲಿ ತಪ್ಪೇನಿದೆ ಎಂದು ಯೋಚಿಸಿದೆ. ನಮ್ಮ ವಿಜಯ–ವಿಕ್ರಮ ಜೋಡುಕರೆ ಕಂಬಳದಲ್ಲಿ ಎಲ್ಲಾ ಕೋಣಗಳನ್ನು ಒಟ್ಟಿಗೆ ಬಿಡುತ್ತಾರೆಯೇ? ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಯೋಗ್ಯತೆ ನೋಡಿ ವಿಭಾಗ ಮಾಡುತ್ತಾರೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಅವರನ್ನು ಉಸೇನ್ ಬೋಲ್ಟನಿಗೆ ಹೋಲಿಸಿತು. ಅಷ್ಟೇ ದೂರಕ್ಕೆ ನನಗೆ ಬೇಕಾದದ್ದು ಮುಕ್ಕಾಲು ನಿಮಿಷ, ಅದೂ ಕೆಸರಿಲ್ಲದ ಡಾಮರಿನ ಮೇಲೆ. ಸ್ವೀಪ್ ಹುಡುಗನಿಗೆ ಹೇಳಿದೆ, “ನನ್ನನ್ನು ನೇಗಿಲು ಕಿರಿಯದಲ್ಲಿ ಬರೆದುಕೊಳ್ಳಿ.” ಅವನು ಗಂಭೀರವಾಗಿ, “ಕಿರಿಯ ಅಂದ್ರೆ ಪ್ರಾಯ ಕಡಿಮೆ ಇರುವ ಕೋಣ ಅಂಕಲ್” ಎಂದ.

ಕಲ್ಲಡ್ಕ ಬಂತು. ಅಲ್ಲಿ ಈಗ ಎರಡು ಕಿಲೋಮೀಟರಿಗೂ ಮಿಕ್ಕ ಮೇಲ್ಸೇತುವೆ. ಮೇಲೆ ಹೋದರೆ ನುಣುಪಾದ ರಸ್ತೆ, ಕೆಳಗೆ ಹೋದರೆ ಕೇಟಿ, ಅಂದರೆ ಕಲ್ಲಡ್ಕ ಟೀ. ಗ್ಲಾಸಿನಲ್ಲಿ ಕೆಳಗೆ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್, ನಡುವೆ ಗೆರೆ ಎಳೆದ ಹಾಗೆ, ಒಂದಕ್ಕೊಂದು ಬೆರೆಯದೆ ನಿಲ್ಲುವ ಆ ಚಾ ಕುಡಿಯಲೆಂದೇ ಬಸ್ಸು ಇಳಿಯುವವರಿದ್ದಾರೆ. ಸಕ್ಕರೆ ಕರಗಿದ ಹಾಲು ಭಾರ, ಡಿಕಾಕ್ಷನ್ ಹಗುರ, ಗುಟ್ಟು ಅಷ್ಟೇ. ನಮ್ಮ ಗುಂಪೂ ಹಾಗೆಯೇ ಆಯಿತು. ಹಗುರವಾದವರೆಲ್ಲ ಮೇಲೆ ಹೋದರು, ಸಕ್ಕರೆ ಇರುವವರು ಕೆಳಗೆ ಉಳಿದೆವು. ಧರ್ಮಸಂಕಟ ಸ್ವೀಪ್ ಹುಡುಗನದು. ಅವನ ಮುಖ ನೋಡಲಾಗದೆ ಎರಡು ಕೇಟಿ ಹೇಳಿದೆ.

ಚಾದ ಎದುರು ಅವನು ಬಾಯಿಬಿಟ್ಟ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ‘ಬ್ರೆವೆ’ ಎಂಬ ಸವಾರಿ ಉಂಟಂತೆ. ನಡುನಡುವೆ ಕಾರ್ಡಿಗೆ ಠಸ್ಸೆ ಹಾಕಿಸಬೇಕು, ಕೆಲವು ಕಡೆ ಎಟಿಎಂ ಚೀಟಿಯೂ ಸಾಕ್ಷಿಯಾಗುತ್ತದೆ. ಅಂಥ ಹಲವನ್ನು ಮುಗಿಸಿದವರಿಗೆ ಫ್ರಾನ್ಸಿನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್, ನಾಲ್ಕು ವರ್ಷಕ್ಕೊಮ್ಮೆ, 1,200 ಕಿಲೋಮೀಟರು, 90 ಗಂಟೆ. ಮೊದಲು ನಡೆದದ್ದು 1891ರಲ್ಲಿ. ಆ ಸವಾರಿಯ ಹೆಸರಿನಲ್ಲಿ ಸೈಕಲ್ ಚಕ್ರದ ಆಕಾರದ ಒಂದು ಸಿಹಿತಿಂಡಿಯೇ ಅಲ್ಲಿ ಇದೆಯಂತೆ. ಮಿಕ್ಕದ್ದೆಲ್ಲ ನನಗೆ ಕಿವಿಯ ಬದಿಯಲ್ಲಿ ಹೋಯಿತು, ತಿಂಡಿ ಮಾತ್ರ ಒಳಗೆ ಇಳಿಯಿತು. ಸವಾರಿಗೊಂದು ತಿಂಡಿ ಇರಬೇಕಾದದ್ದು ನ್ಯಾಯ. ಪಣಂಬೂರು ಸವಾರಿಯ ಗೌರವಾರ್ಥವಾಗಿ ನಾನು ಒಂದು ಪ್ಲೇಟು ಗೋಳಿಬಜೆ ತರಿಸಿದೆ. ಆಕಾರ ಚಕ್ರದ್ದಲ್ಲ, ಆದರೆ ಉರುಳುತ್ತದೆ.

ಪಾಣೆಮಂಗಳೂರಿನಲ್ಲಿ ಸೇತುವೆಯ ಮೇಲಿಂದ ನೇತ್ರಾವತಿಯನ್ನು ನೋಡಿದೆ. ಏದುಸಿರಿಲ್ಲದೆ ಹೋಗುತ್ತಿತ್ತು. ಬ್ರಹ್ಮರಕೂಟ್ಲುವಿನ ಟೋಲಿನಲ್ಲಿ ಯಾರಾದರೂ ತಡೆದಾರು, ಸ್ವಲ್ಪ ನಿಲ್ಲಬಹುದು ಎಂದು ಆಸೆಯಿಂದ ನಿಧಾನ ಮಾಡಿದೆ. ಸೈಕಲ್ಲಿಗೆ ಸುಂಕವಿಲ್ಲ. ಕೈಬೀಸಿ ಬಿಟ್ಟುಬಿಟ್ಟರು.

ಪಡೀಲು ಕಳೆದು ಪಂಪ್‌ವೆಲ್. ಹತ್ತು ವರ್ಷ ಕಟ್ಟಿ 2020ರ ಜನವರಿ 31ರಂದು ಬಿಟ್ಟುಕೊಟ್ಟ ಮೇಲ್ಸೇತುವೆಯ ಅಡಿಯಲ್ಲಿ ನಿಂತಾಗ ಮನಸ್ಸಿಗೆ ತುಂಬಾ ಸಮಾಧಾನವಾಯಿತು. ನನಗಿಂತ ನಿಧಾನ ಹೋದದ್ದೂ ಕೊನೆಗೆ ತಲುಪಿದೆ.

ಆಮೇಲೆ ಶಹರ. ಮಂಗಳೂರನ್ನು ನಾನು ಸಮತಟ್ಟಾದ ಊರು ಎಂದುಕೊಂಡಿದ್ದೆ. ಸಮುದ್ರದ ಬದಿಯ ಊರು ಇನ್ನು ಹೇಗಿರುತ್ತದೆ? ಹೆಸರುಗಳನ್ನಾದರೂ ಒಮ್ಮೆ ಕಿವಿಗೊಟ್ಟು ಕೇಳಬೇಕಿತ್ತು: ಬಾವುಟಗುಡ್ಡೆ, ಮಣ್ಣಗುಡ್ಡ, ಲೇಡಿಹಿಲ್, ಮೇರಿಹಿಲ್. ಪಂಪ್‌ವೆಲ್ಲಿನಿಂದ ಕಂಕನಾಡಿಗೆ ಏರುವಾಗ ಇಪ್ಪತ್ತೊಂದು ಗೇರಿನಲ್ಲಿ ಕೊನೆಯದೂ ಮುಗಿದಿತ್ತು. ಕಾಲು ಗಿರಗಿರ ತಿರುಗುತ್ತಿದೆ, ಬದಿಯ ಅಂಗಡಿ ಮಾತ್ರ ಇದ್ದಲ್ಲೇ ಇದೆ. ಆಗ ಹಿಂದಿನಿಂದ ಒಂದು ಸಿಟಿ ಬಸ್ಸು ಬಂದು ನನ್ನ ಬದಿಯಲ್ಲಿ ನಡೆಯತೊಡಗಿತು. ಫುಟ್‌ಬೋರ್ಡಿನಿಂದ ಅರ್ಧ ಹೊರಗೆ ಜೋತ ಕಂಡಕ್ಟರು “ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್” ಎನ್ನುವುದನ್ನು ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ತುಂಬಾ ಕರುಣೆಯಿಂದ ತುಳುವಿನಲ್ಲಿ ಬಸ್ಸಿಗೆ ಕರೆದ: “ಬಲೆ ಅಣ್ಣೆರೆ, ಸೀಟ್ ಉಂಡು.” ಇಡೀ ಬಸ್ಸು ಕಿಟಕಿಗೆ ಬಂತು. ಆ ದಿನ ನನಗೆ ಬಂದ ಆಮಂತ್ರಣಗಳಲ್ಲಿ ಅಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಸೈಕಲ್ಲಿಗೆ ಸ್ಟ್ಯಾಂಡಿದ್ದಿದ್ದರೆ ಅಲ್ಲೇ ನಿಲ್ಲಿಸಿ ಹತ್ತಿಬಿಡುತ್ತಿದ್ದೆ.

ಬೆಂದೂರುವೆಲ್ಲಿನಲ್ಲಿ ಇಗರ್ಜಿ ಮುಗಿಸಿ ಬರುತ್ತಿದ್ದ ಮಕ್ಕಳು ಕೈಬೀಸಿದರು. ನಾನೂ ಒಂದು ಕೈ ಬಿಟ್ಟು ಬೀಸಲು ಹೋಗಿ ಚರಂಡಿಯ ಕಲ್ಲಿನವರೆಗೆ ಹೋಗಿಬಂದೆ. ಜ್ಯೋತಿ, ಬಂಟ್ಸ್ ಹಾಸ್ಟೆಲ್, ಪಿವಿಎಸ್, ಲಾಲ್‌ಬಾಗ್. ಅಲ್ಲಿಗೆ ಗುಂಪು ಪೂರ್ತಿ ಕಣ್ಮರೆ. ತರಕಾರಿ ಇಳಿಸುತ್ತಿದ್ದವರೊಬ್ಬರನ್ನು ಕೇಳಿದೆ, “ಸೈಕಲಿನವರು ಹೋದದ್ದು ಕಂಡಿರಾ?” ಅವರು, “ಅವರೆಲ್ಲ ಹೋಗಿ ತುಂಬಾ ಹೊತ್ತಾಯ್ತು. ನೀವು ಬೇರೆ ಗುಂಪಾ?” ಎಂದರು. ಹೌದೆಂದೆ. ನಾನು ಮತ್ತು ಸ್ವೀಪ್ ಹುಡುಗ ಆಗ ನಿಜವಾಗಿಯೂ ಬೇರೆಯೇ ಗುಂಪು.

ಕೊಟ್ಟಾರದ ಹತ್ತಿರ ಒಂದು ಅಂಗಡಿಯಲ್ಲಿ ನೀರು ಕೇಳಿದೆ. ಅಂಗಡಿಯ ಹೆಂಗಸು ನಳ್ಳಿಯಿಂದ ಚೆಂಬು ತುಂಬಿಸಿ, “ತುಂಬೆಯ ನೀರು, ಧೈರ್ಯವಾಗಿ ಕುಡೀರಿ” ಎಂದರು. ತುಂಬೆಯ ಅಣೆಕಟ್ಟಿನ ನೀರೆಂದರೆ ನೇತ್ರಾವತಿ. ಅಂದರೆ ನಮ್ಮ ಊರಿನದೇ. ನನಗಿಂತ ಮೊದಲು ಹೊರಟು, ಗುಡ್ಡೆಗಳನ್ನೆಲ್ಲ ಬಳಸಿಕೊಂಡು, ಇಲ್ಲಿ ಬಂದು ನಳ್ಳಿಯೊಳಗೆ ನನ್ನನ್ನು ಕಾಯುತ್ತಿತ್ತು. ಹೆಂಡತಿಯ ಮಾತು ನೆನಪಾಗಿ ಅರ್ಧ ಚೆಂಬು ತಲೆಯ ಮೇಲೆ ಸುರಿದುಕೊಂಡೆ.

ಪಣಂಬೂರಿನ ಕಡಲು ಮುಟ್ಟುವಾಗ ಉಳಿದವರು ಸ್ನಾನ ಮಾಡಿ, ತಿಂದು, ಒಂದು ಸುತ್ತು ಕ್ರಿಕೆಟ್ ಆಡಿಯೂ ಆಗಿತ್ತು. ಚಪ್ಪಾಳೆ ತಟ್ಟಿದರು. ಮೊದಲು ಬಂದವನಿಗೂ ಅಷ್ಟು ಜೋರಿನ ಚಪ್ಪಾಳೆ ಸಿಕ್ಕಿರಲಿಕ್ಕಿಲ್ಲ, ಅವನಿಗೆ ತಟ್ಟಲು ಯಾರಾದರೂ ಇರಬೇಕಲ್ಲ. ಪದಕ ಹಾಕಿದರು, ಪ್ರಮಾಣಪತ್ರ ಕೊಟ್ಟರು. ಕನ್ನಡಕ ಏರಿಸಿ ಓದಿದೆ. ‘ಉಪ್ಪಿನಗಂಡಿ–ಮಂಗಳೂರು–ಪಣಂಬೂರು.’ ನಾನು ತಿದ್ದುವ ಮೊದಲೇ ಪ್ರೆಸ್ಸಿಗೆ ಹೋಗಿತ್ತಂತೆ.

ಹಿಂದಕ್ಕೆ ಬಂದದ್ದು ಅಡಿಕೆ ಸಾಗಿಸುವ ಪಿಕಪ್ಪಿನಲ್ಲಿ. ಸೈಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದು, ನಡುವೆ ನಾವು ನಾಲ್ಕೈದು ಜನ ನಿಂತೆವು, ಥೇಟು ಕಂಬಳ ಮುಗಿಸಿ ಹೊರಟ ಜೋಡಿಗಳ ಹಾಗೆ. ಮಾಣಿಯ ಏರಿನಲ್ಲಿ ಪಿಕಪ್ಪು ನರಳಿ ಗೇರು ಬದಲಿಸಿದಾಗ ನನಗೆ ಗೊತ್ತಿಲ್ಲದೆ ಅದರ ಬದಿಯ ಹಲಗೆಯನ್ನು ತಟ್ಟಿ ಸಮಾಧಾನ ಮಾಡಿದೆ.

ಮನೆಯಲ್ಲಿ ಹಂಡೆ ಕಾದಿತ್ತು. ಲುಂಗಿ ಮಡಿಸಿ ಚಾವಡಿಯ ಮೇಲಿಟ್ಟಿತ್ತು. ಹೆಂಡತಿ ಏನೂ ಕೇಳದೆ ಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದಳು, ಕರೆಯಿಂದ ಎದ್ದು ಬಂದ ಕೋಣಕ್ಕೆ ಹೊಯ್ದಂತೆ. ಕೊನೆಯ ಚೆಂಬಿನ ಹೊತ್ತಿಗೆ ಮಾತ್ರ, “ಎಷ್ಟು ಕಡೆ ಇಳಿದು ದೂಡಿದ್ರಿ?” ಎಂದು ಕೇಳಿದಳು. ಲೆಕ್ಕ ಇಟ್ಟಿರಲಿಲ್ಲ ಎಂದೆ.

ಮರುದಿನ ಮಧ್ಯಾಹ್ನ ಫೋನು ಟಿಣ್ ಎಂದಿತು. ಅಳಿಯನ ಹೊಸ ಪಟ್ಟಿ. ಈ ಸಲ ಮೇಲಕ್ಕೆ, ಕುಮಾರಧಾರೆ ಇಳಿದು ಬರುವ ಕಡೆಗೆ. ‘ಉಪ್ಪಿನಂಗಡಿ–ಕಡಬ–ಸುಬ್ರಮಣ್ಯ.’ ಉಪ್ಪಿನಂಗಡಿ ಸರಿಯಾಗಿತ್ತು. ಸುಬ್ರಹ್ಮಣ್ಯದಲ್ಲಿ ಹಕಾರವೇ ಇಲ್ಲ.

ಫೋನನ್ನು ಮಗುಚಿ ಇಟ್ಟೆ. ಎರಡು ನಿಮಿಷ ಕಳೆದು ತಿರುಗಿ ಎತ್ತಿದೆ. ಒಳಗಿನಿಂದ ಬಂದ ಹೆಂಡತಿ ನನ್ನ ಹೆಬ್ಬೆರಳನ್ನೇ ನೋಡುತ್ತ ನಿಂತಳು.