ಸಮಾನತೆ ಸಾಧಿಸಿದ ಸಮಿತಿಗಳಿಗೆ ಅಭಿನಂದನೆ

ಇವರಿಗೆ,
ಗೇ ಮತ್ತು ಲೆಸ್ಬಿಯನ್ ಕ್ರೀಡಾಸಂಸ್ಥೆಗಳ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು (ಇದ್ದಲ್ಲಿ) ಖಜಾಂಚಿಗಳು

ಮಾನ್ಯರೇ,

ನೀವು ಗೆದ್ದಿರಿ. ಪದಕಗಳ ಮಾತಲ್ಲ ಇದು. ಸಲಿಂಗಪ್ರೇಮಿಗಳೂ ಎಲ್ಲರಂತೆಯೇ ಎಂದು ಎಷ್ಟು ಹೇಳಿದರೂ ನಂಬದಿದ್ದ ಲೋಕಕ್ಕೆ ನೀವು ಸಾಕ್ಷಿ ಒದಗಿಸಿದ್ದೀರಿ: ನಿಮ್ಮ ಸಮಿತಿಗಳೂ ಎಲ್ಲರ ಸಮಿತಿಗಳಂತೆಯೇ ಇವೆ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಹಗರಣ ಕಂಡ ನಮ್ಮಂಥವರಿಗೆ ಗುರುತು ಹಿಡಿಯುವುದು ಕಷ್ಟವೇ ಆಗಲಿಲ್ಲ.

ಬಾಗಿಲು ಕಾಯುವ ವಿದ್ಯೆಯನ್ನು ನೀವು ಕಲಿತದ್ದು ಪೆಟ್ಟು ತಿಂದೇ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಡೆಕಾಥ್ಲಾನ್‌ನಲ್ಲಿ ಆರನೆಯ ಸ್ಥಾನ ಪಡೆದ ಡಾಕ್ಟರ್ ಟಾಮ್ ವಡೆಲ್ ಅವರು 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಗೇ ಒಲಿಂಪಿಕ್ಸ್' ನಡೆಸಲು ಹೊರಟಾಗ ಅಮೆರಿಕದ ಒಲಿಂಪಿಕ್ ಸಮಿತಿ ಕೋರ್ಟಿಗೆ ಹೋಗಿ ಆ ಹೆಸರಿಗೇ ತಡೆ ತಂದಿತು. ಆ ದೇಶದಲ್ಲಿ ಪೊಲೀಸರಿಗೂ ಒಂದು ಒಲಿಂಪಿಕ್ಸ್ ಇತ್ತು, ಏಡಿ ಬೇಯಿಸುವವರಿಗೂ ಇತ್ತು. ಇವರಿಗೆ ಮಾತ್ರ ಕೂಡದು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ 5-4ರ ಬಹುಮತದಲ್ಲಿ ಹಾಗೆಯೇ ಹೇಳಿತು. ಮರುತಿಂಗಳು ವಡೆಲ್ ಏಡ್ಸ್‌ನಿಂದ ತೀರಿಕೊಂಡರು. ಹೆಸರು 'ಗೇ ಗೇಮ್ಸ್' ಎಂದಾಗಿ ಉಳಿಯಿತು. ಅರ್ಹತಾ ಸುತ್ತಿಲ್ಲ, ಬಂದವರೆಲ್ಲ ಆಡಬಹುದು ಎಂಬುದು ಅವರು ಬಿಟ್ಟುಹೋದ ಸೂತ್ರ.

ಗೇ ಸಾಫ್ಟ್‌ಬಾಲ್ ಸಂಘದವರದು ಬೇರೆ ಮನೆ, ಇನ್ನೂ ಶಿಸ್ತಿನ ಮನೆ. 2008ರಲ್ಲಿ ಸಿಯಾಟಲ್ ಕಡೆ ನಡೆದ ಗೇ ಸಾಫ್ಟ್‌ಬಾಲ್ ವಿಶ್ವ ಸರಣಿಯಲ್ಲಿ, ತಂಡವೊಂದಕ್ಕೆ ಗೇ ಅಲ್ಲದವರು ಇಬ್ಬರಿಗಿಂತ ಹೆಚ್ಚು ಇರಕೂಡದೆಂಬ ನಿಯಮವಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಒಂದು ತಂಡ ಫೈನಲ್ ತಲುಪಿತು. ಅದು ಈ ನಿಯಮ ಮುರಿದಿದೆ ಎಂದು ದೂರು ಬಂತು. ಆಮೇಲೆ ನಡೆದದ್ದನ್ನು ಆಟಗಾರರ ದಾವೆಯಲ್ಲಿ ಓದಿ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಇಪ್ಪತ್ತೈದಕ್ಕೂ ಹೆಚ್ಚು ಜನರ ಎದುರು ಕೂರಿಸಿ, ನಿನ್ನ ಒಲವು ಹೆಚ್ಚಾಗಿ ಗಂಡಸರ ಕಡೆಗೋ ಹೆಂಗಸರ ಕಡೆಗೋ ಎಂದು ವಿಚಾರಿಸಲಾಯಿತು. ಎರಡೂ ಕಡೆಗೆ ಎಂದವರಿಗೆ ನಿಯಮದಲ್ಲಿ ಜಾಗವಿರಲಿಲ್ಲ. ಕೊನೆಗೆ ಇವರು ಗೇ ಹೌದೋ ಅಲ್ಲವೋ ಎಂದು ಮತಕ್ಕೆ ಹಾಕಿದರು! ನಮ್ಮಲ್ಲಿ ಹೆಣ್ಣು ನೋಡಲು ಬಂದವರೂ ಇಷ್ಟು ಜನ ಕೂತು ಇಷ್ಟು ಕೆದಕುವುದಿಲ್ಲ. ಅಲ್ಲಿ ಕೊನೆಗೆ ಉಪ್ಪಿಟ್ಟು, ಕೇಸರಿಬಾತಾದರೂ ಸಿಗುತ್ತದೆ. ಇಲ್ಲಿ ಮೂವರು ಮತದಲ್ಲಿ ಸೋತರು, ತಂಡದ ಎರಡನೇ ಸ್ಥಾನವೂ ಹೋಯಿತು. ಆ ಮೂವರಲ್ಲಿ ಒಬ್ಬರೂ ಬಿಳಿಯರಲ್ಲ. ಅವರಂತೆಯೇ ಉತ್ತರಿಸಿದ ಬಿಳಿಯ ಆಟಗಾರ ಪಾಸಾದ ಎಂಬುದು ಅವರ ಆರೋಪ.

ಸದಸ್ಯರನ್ನು ಆರಿಸಿಕೊಳ್ಳುವುದು ಸಂಘಕ್ಕೆ ಸಂವಿಧಾನ ಕೊಟ್ಟ ಹಕ್ಕು ಎಂದು 2011ರಲ್ಲಿ ಕೋರ್ಟ್ ಹೇಳಿತು. ಅದೇ ವರ್ಷ ರಾಜಿಯಾಗಿ, ಸಂಘ ದುಡ್ಡು ಕೊಟ್ಟು, ಎರಡನೇ ಸ್ಥಾನ ಹಿಂತಿರುಗಿಸಿ, ನಿಯಮ ತಿದ್ದಿತು. ಹಕ್ಕು ಗೆದ್ದು ಮಾನ ಕಳೆದುಕೊಂಡವರು ಹೀಗೆಯೇ ಮಾಡುವುದು.

ಇನ್ನು ದುಡ್ಡಿನ ವಿಚಾರ. 2006ರ ಗೇ ಗೇಮ್ಸ್ ಮಾಂಟ್ರಿಯಲ್‌ಗೆ ನಿಗದಿಯಾಗಿತ್ತು. 12,000 ಜನರಿಗೆ ಯೋಜನೆ ಮಾಡಿ ಎಂದರು ಗೇ ಗೇಮ್ಸ್ ಒಕ್ಕೂಟದವರು, 24,000 ಎಂದರು ಮಾಂಟ್ರಿಯಲ್‌ನವರು. ಲೆಕ್ಕದ ಮೇಲೆ ಕಣ್ಣಿಡುವವರು ಯಾರು ಎಂಬ ಜಗಳವೂ ಸೇರಿ 2003ರಲ್ಲಿ ಸಂಬಂಧ ಮುರಿಯಿತು. ಆದ್ದರಿಂದ ಒಂದೇ ಬೇಸಿಗೆಯಲ್ಲಿ, ಒಂದೇ ವಾರದ ಅಂತರದಲ್ಲಿ, ಎರಡು ಜಾತ್ರೆ: ಷಿಕಾಗೊದಲ್ಲಿ ಗೇ ಗೇಮ್ಸ್, ಮಾಂಟ್ರಿಯಲ್‌ನಲ್ಲಿ ಹೊಸ 'ವಿಶ್ವ ಔಟ್‌ಗೇಮ್ಸ್'. ಎರಡನೆಯದು ಸುಮಾರು 50 ಲಕ್ಷ ಕೆನಡಾ ಡಾಲರ್ ಕೊರತೆಯಲ್ಲಿ ಮುಗಿಯಿತು.

ಅದೇ ಔಟ್‌ಗೇಮ್ಸ್ 2017ರಲ್ಲಿ ಮಯಾಮಿಗೆ ಬಂತು. ಮೇ 26, ಕೂಟ ಶುರುವಾಗಬೇಕಿದ್ದ ದಿನ. ನಾನಾ ದೇಶಗಳಿಂದ ಆಟಗಾರರು ಶುಲ್ಕ ಕಟ್ಟಿ, ವಿಮಾನ ಹತ್ತಿ ಬಂದಿಳಿದಿದ್ದರು. ಆಗ ಪ್ರಕಟಣೆ ಹೊರಟಿತು: ಆರ್ಥಿಕ ಹೊರೆಯ ಕಾರಣ ಉದ್ಘಾಟನೆ ಇಲ್ಲ, ಸಮಾರೋಪ ಇಲ್ಲ, ಹೆಚ್ಚಿನ ಆಟಗಳೂ ಇಲ್ಲ. ಫುಟ್‌ಬಾಲ್, ಈಜು, ಕೌಬಾಯ್ ಕುಣಿತ ಮಾತ್ರ ಇವೆ. ನೆಂಟರು ಛತ್ರಕ್ಕೆ ಬಂದಿಳಿದ ಮೇಲೆ, ಮದುವೆ ನಿಂತಿದೆ, ಬೇಕಿದ್ದರೆ ಮಜ್ಜಿಗೆ ಕುಡಿದು ಹೋಗಿ ಎಂದ ಹಾಗೆ. ಹಣ ಅಂದು ಬೆಳಗ್ಗೆ ಏಕಾಏಕಿ ಮುಗಿಯಿತೇ? ಹಿಂದಿನ ವಾರ ಪೆಟ್ಟಿಗೆ ತೆರೆದು ನೋಡಿದವರು ಒಬ್ಬರೂ ಇರಲಿಲ್ಲವೇ?

ಮೂವರ ಒಲವನ್ನು ತೂಗಲು ಇಪ್ಪತ್ತೈದು ಜನ ಸಿಕ್ಕರು. ಮಯಾಮಿಯ ಲೆಕ್ಕ ನೋಡಲು ಪೊಲೀಸರೇ ಬರಬೇಕಾಯಿತು.

ಆದ್ದರಿಂದ ಒಂದು ವಿನಂತಿ. ಸಿಯಾಟಲ್‌ನ ಆ ಕೋಣೆ, ಆ ಕುರ್ಚಿಗಳು ಹಾಗೇ ಇರಲಿ, ಒಳ್ಳೆಯ ವ್ಯವಸ್ಥೆ. ಪ್ರತಿ ಕೂಟಕ್ಕೂ ತಿಂಗಳು ಮೊದಲು ಎದುರಿನ ಒಂಟಿ ಕುರ್ಚಿಯಲ್ಲಿ ಖಜಾಂಚಿಯವರು ಕೂರಲಿ, ಉಳಿದ ಇಪ್ಪತ್ತೈದರಲ್ಲಿ ಶುಲ್ಕ ಕಟ್ಟಿದ ಆಟಗಾರರು. ಪ್ರಶ್ನೆ ಒಂದೇ: ದುಡ್ಡು ಇದೆಯೋ ಇಲ್ಲವೋ? ಇದೆಯೂ ಹೌದು, ಇಲ್ಲವೂ ಹೌದು ಎಂಬ ಉತ್ತರಕ್ಕೆ ಮಾತ್ರ ನಿಯಮದಲ್ಲಿ ಜಾಗ ಇಡಬೇಡಿ.

ಇತಿ,
ಗ್ಯಾಲರಿಯಲ್ಲಿ ಕೂತ ಒಬ್ಬ ಪ್ರೇಕ್ಷಕ