ನೆಪವಿಲ್ಲದ ಮೋಜು

ಮದುವೆಗೆ ಮುಂಚೆ ಹುಡುಗಿಯನ್ನು ಗೆಳತಿಯರು ಹೊರಡಿಸಿಕೊಂಡು ಹೋಗಿ ಕುಣಿಸಿ ಕರೆತರುವ ಇಂಗ್ಲೆಂಡಿನ ಹೆನ್ ಪಾರ್ಟಿ ಈಗ ನಮ್ಮ ಹೊರನಾಡ ಸಂಸಾರಗಳ ಮದುವೆಪಟ್ಟಿಯಲ್ಲೂ ಸೇರಿಕೊಂಡಿದೆ. ಛತ್ರ, ಪುರೋಹಿತರು, ಅಡುಗೆಯವರು ವಾರದೊಳಗೆ ಗೊತ್ತಾಗುತ್ತಾರೆ. ಇದೊಂದು ಮಾತ್ರ ಆರು ತಿಂಗಳಾದರೂ ಗೊತ್ತಾಗದು. ಮೊದಲಿಗೆ ಒಂದು ವಾಟ್ಸ್ಯಾಪ್ ಗುಂಪು. ಮದುಮಗಳಿಗೆ ಸುಳಿವು ಸಿಗಬಾರದೆಂದು ಅವಳನ್ನು ಬಿಟ್ಟು ಎರಡನೆಯದು. ಮುಂದಾಳು ಗೆಳತಿಯ ಯಜಮಾನಿಕೆ ತಡೆಯಲಾರದೆ ಅವಳನ್ನೂ ಬಿಟ್ಟು ಮೂರನೆಯದು. ಬ್ರೈಟನ್ನೋ ಬಾರ್ಸಿಲೋನಾವೋ ಎಂದು ಮತದಾನ. ಒಬ್ಬಳು ವೀಗನ್, ಇನ್ನೊಬ್ಬಳಿಗೆ ಬೆಳ್ಳುಳ್ಳಿ ಆಗದು, ಮತ್ತೊಬ್ಬಳದು ಶನಿವಾರ ಒಪ್ಪೊತ್ತು. ಕಡೆಗೂ ಹೊರಟ ದಿನ ಮದುಮಗಳ ಹೆಗಲಿಗೆ ಗುಲಾಬಿ ಪಟ್ಟಿ, ಬೆನ್ನಿಗೆ ಕಾರು ಕಲಿಯುವವರು ಅಂಟಿಸುವ ಕೆಂಪು ‘ಎಲ್’ ಫಲಕ. ಇದು ಅಲ್ಲಿನ ಪದ್ಧತಿ. ಸಂಸಾರಕ್ಕೆ ಇವಳಿನ್ನೂ ಹೊಸಬಳು, ಹಿಂದಿನವರು ಸ್ವಲ್ಪ ದೂರವಿರಿ ಎಂಬ ಇಂಗಿತವಿರಬಹುದು.

ಇಷ್ಟೆಲ್ಲ ತೊಡಕಾಗುವುದು ಯೋಜನೆ ಸಾಲದೆ ಎಂದು ಎಲ್ಲರ ನಂಬಿಕೆ. ಹಾಗಾಗಿ ಇನ್ನೊಂದು ಎಕ್ಸೆಲ್ ಹಾಳೆ ಹುಟ್ಟುತ್ತದೆ. ನನ್ನ ವಾದವೇ ಬೇರೆ: ಸಾಲದಿರುವುದು ನೆಪ. ಮಜಾ ಮಾಡೋಣ ಬನ್ನಿ ಎಂದು ಕರೆದರೆ, ಬಂದವರ ಮೇಲೆಲ್ಲ ಮಜಾ ಮಾಡಲೇಬೇಕಾದ ಹೊಣೆ ಬೀಳುತ್ತದೆ. ಸಂಜೆ ಏಳಕ್ಕೆ ನಗು ಬರದಿದ್ದರೆ ಕೊಟ್ಟ ದುಡ್ಡು ದಂಡ. ಅರಿಶಿನ ಕುಟ್ಟೋಣ ಬನ್ನಿ ಎಂದು ಕರೆದರೆ ಹಾಗಲ್ಲ. ಕುಟ್ಟಿದರೆ ಬಂದ ಕೆಲಸ ಮುಗಿಯಿತು. ಮಿಕ್ಕ ನಗುವೆಲ್ಲ ಮೇಲಿನ ಲಾಭ.

ಇದಕ್ಕೆ ಹಳೆಯ ಸಾಕ್ಷಿ ಬೇಕೆಂದರೆ ಮೊಳಕಾಲ್ಮೂರಿನ ದಾರಿ ಹಿಡಿಯಬೇಕು. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಹಚ್ಚಿದವು. ತಾಯಿತಂದೆಯರ ಮಾತು ಕೇಳಿ, ನಿಜ ನುಡಿಯಿರಿ ಎಂದು ಅಲ್ಲಿ ಅರಸನ ಬುದ್ಧಿವಾದ. ಅದೇ ಅರಸನ ಒಂಬತ್ತನೆಯ ಹೆಬ್ಬಂಡೆ ಶಾಸನ ನಮ್ಮ ಪುಣ್ಯಕ್ಕೆ ಈ ಬೆಟ್ಟದಲ್ಲಿಲ್ಲ, ಗಡಿಯಾಚೆ ಆಂಧ್ರದ ಎರ್ರಗುಡಿಯಲ್ಲಿದೆ. ಕಾಯಿಲೆ ಬಿದ್ದಾಗ, ಮಕ್ಕಳ ಮದುವೆಯಾದಾಗ, ಪ್ರಯಾಣ ಹೊರಟಾಗ ಜನ ಏನೇನೋ ಮಂಗಳಕಾರ್ಯ ಮಾಡುತ್ತಾರೆ, ಅದರಲ್ಲೂ ಹೆಂಗಸರು ಮಾಡುವ ಬಗೆಬಗೆಯ ಶಾಸ್ತ್ರಗಳು ಕ್ಷುಲ್ಲಕ, ಪ್ರಯೋಜನವಿಲ್ಲದವು ಎಂದು ಅದರಲ್ಲಿ ಚಕ್ರವರ್ತಿ ಗೊಣಗಿಕೊಂಡಿದ್ದಾನೆ. ಬದಲಿಗೆ ಆತ ಸೂಚಿಸುವ ಕಾರ್ಯಕ್ರಮ: ಆಳುಕಾಳುಗಳನ್ನು ಚೆನ್ನಾಗಿ ನಡೆಸಿಕೊಳ್ಳುವುದು, ಗುರುಗಳಿಗೆ ಗೌರವ ತೋರುವುದು. ಒಳ್ಳೆಯದೇ, ಆದರೆ ಅದಕ್ಕೆ ಯಾವ ಗೆಳತಿ ಬರುತ್ತಾಳೆ? ಆತನ ಗೊಣಗಾಟದಿಂದ ತಿಳಿಯುವುದು ಇಷ್ಟು: ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಹೆಂಗಸರು ಮದುವೆಮನೆಯಲ್ಲಿ ತಮ್ಮದೊಂದು ಕೂಟ ನಡೆಸುತ್ತಿದ್ದರು, ಅದರ ಒಳಗುಟ್ಟು ಗಂಡಸರಿಗೆ ಹತ್ತುತ್ತಿರಲಿಲ್ಲ. ಪ್ರಯೋಜನವಿಲ್ಲದ್ದು ಎಂದು ಅವರಿಗೆ ಕಂಡದ್ದರಿಂದಲೇ ಅದು ಉಳಿಯಿತು. ಪ್ರಯೋಜನವಿದೆ ಎಂದು ಗೊತ್ತಾಗಿದ್ದರೆ ಚಕ್ರವರ್ತಿ ಅದಕ್ಕೂ ಮಹಾಮಾತ್ರನೆಂಬ ಅಧಿಕಾರಿಯೊಬ್ಬನನ್ನು ನೇಮಿಸಿಬಿಡುತ್ತಿದ್ದ.

ಆ ಕೂಟ ಹೇಗೆ ನಡೆಯುತ್ತದೆಂದು ನೋಡಬೇಕಾದರೆ ಬಳೆ ತೊಡಿಸುವುದನ್ನು ನೋಡಬೇಕು. ಬಳೆಗಾರ ಹುಡುಗಿಯ ಐದು ಬೆರಳನ್ನೂ ಒಟ್ಟುಗೂಡಿಸಿ, ಹೆಬ್ಬೆರಳಿನ ಬುಡದ ಗಿಣ್ಣನ್ನು ಒತ್ತಿ, ಹಸಿರು ಗಾಜಿನ ಬಳೆಯನ್ನು ಓರೆ ಹಿಡಿದು ತಿರುಗಿಸುತ್ತಾ ಮುಂಗೈಗೆ ಇಳಿಸುತ್ತಾನೆ. ಅಳತೆ ಒಂದು ನೂಲು ಚಿಕ್ಕದಿರಬೇಕು. ಸಲೀಸಾಗಿ ಹೋದ ಬಳೆ ಸಲೀಸಾಗಿ ಬಿದ್ದೂ ಹೋಗುತ್ತದೆ. ಹುಡುಗಿಗೆ ನೋವು, ಕೈ ಎಳೆದುಕೊಳ್ಳುವಂತಿಲ್ಲ. ಆ ಹೊತ್ತಿಗೇ ಸುತ್ತ ಕೂತ ಅತ್ತೆ, ಸೋದರತ್ತೆ, ಅತ್ತಿಗೆಯರು ಅವಳನ್ನು ಹಿಡಿದುಕೊಳ್ಳುವುದು. ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿಸುತ್ತಾರೆ, ಬೀಗರ ಮೇಲೆ ಹಂಗಿಸುವ ಪದ ಕಟ್ಟುತ್ತಾರೆ, ಮದುವೆಯಾದ ಮೇಲೆ ಏನೇನು ಕಾದಿದೆಯೆಂದು ಸೂಚ್ಯವಾಗಿಯೂ ಅಷ್ಟೇನೂ ಸೂಚ್ಯವಲ್ಲದೆಯೂ ತಿಳಿಸುತ್ತಾರೆ. ಹೆನ್ ಪಾರ್ಟಿಯಲ್ಲಿ ವರನಿಗೆ ಮೊದಲೇ ಪ್ರಶ್ನೆ ಕೇಳಿ ವಿಡಿಯೋ ಮಾಡಿಟ್ಟುಕೊಂಡು, ಅವನ ಉತ್ತರವೇನೆಂದು ವಧುವಿನಿಂದ ಊಹೆ ಮಾಡಿಸುವ ಆಟವೊಂದಿದೆ. ಒಡಪಿನ ಕೆಲಸವನ್ನೇ ಅದೂ ಮಾಡುತ್ತದೆ, ಆದರೆ ಅದಕ್ಕೆ ಪ್ರೊಜೆಕ್ಟರ್ ಬೇಕು.

ಪದಗಳ ಮಾತು ಬಂದಾಗ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ಬಿಟ್ಟು ಮುಂದಕ್ಕೆ ಹೋಗುವ ಹಾಗಿಲ್ಲ. ಅಕ್ಷರ ಕಲಿಯದ ಈ ಕಾಡುಗೊಲ್ಲರ ಅಜ್ಜಿಗೆ ಸಾವಿರಾರು ಪದ ಬಾಯಲ್ಲೇ ಇದ್ದವು. ಇಂಥ ಒಬ್ಬ ಅಜ್ಜಿ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರೆ ಮನರಂಜನೆಯ ಉಸ್ತುವಾರಿ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಪ್ಲೇಲಿಸ್ಟಿಗಾಗಿ ಎರಡು ವಾರ ಜಗಳವಾಡುವವರಿಗೆ ಈ ಮಾತು ಹೊಟ್ಟೆಯುರಿಸಬಹುದು.

ಅದೆಲ್ಲ ಸರಿ, ದೊಡ್ಡವರೆದುರು ಹುಡುಗಿಯರು ಬಾಯಿ ಬಿಚ್ಚುವುದು ಹೇಗೆ, ಅತ್ತೆಯಾಗುವವಳು ಎದುರಿಗಿದ್ದರೆ ಅದೆಂಥ ಸ್ವಾತಂತ್ರ್ಯ ಎಂದು ಕೇಳುವವರಿದ್ದಾರೆ. ಕೇಳುವವರು ಸೋಬಾನೆ ಹೇಳುವ ಮುದುಕಿಯರ ಜೊತೆ ಒಂದು ರಾತ್ರಿ ಕೂತವರಲ್ಲ. ಅಲ್ಲಿ ನಾಚಿ ಎದ್ದು ಹೋಗುವವರು ಹುಡುಗಿಯರೇ. ಹೊರನಾಡಿನಲ್ಲಂತೂ ಅನುಕೂಲ ಇನ್ನೂ ಹೆಚ್ಚು: ಲೀಡ್ಸ್‌ನಲ್ಲಿ ಹುಟ್ಟಿ ಬೆಳೆದ ಮೊಮ್ಮಗಳಿಗೆ ಅಜ್ಜಿಯ ಪದ ಅರ್ಧ ಅರ್ಥವಾಗದು, ಮೊಮ್ಮಗಳ ಗೆಳತಿಯರ ಜೋಕು ಅಜ್ಜಿಗೆ ಪೂರ್ತಿ ಅರ್ಥವಾಗದು, ಇಬ್ಬರೂ ಧಾರಾಳವಾಗಿ ನಗಬಹುದು. ನಡುವೆ ಕೂತು ಎರಡೂ ತಿಳಿಯುವ ಅಮ್ಮನೊಬ್ಬಳಿಗೇ ಕಷ್ಟ.

ಇನ್ನೊಂದು ಆಕ್ಷೇಪವನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ನಮ್ಮ ಶಾಸ್ತ್ರಗಳಿಗೆ ಮುತ್ತೈದೆಯರೇ ಆಗಬೇಕು. ಗಂಡ ಸತ್ತವಳು ಹುಡುಗಿಯ ಹೆತ್ತ ತಾಯಿಯೇ ಆಗಿದ್ದರೂ ಬಾಗಿಲಾಚೆ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಊರಾಚೆ ಇರಿಸುವ ಸೂತಕದ ಕಟ್ಟಳೆಯಿನ್ನೂ ಪೂರಾ ಹೋಗಿಲ್ಲ. ಹೆನ್ ಪಾರ್ಟಿ ಈ ಲೆಕ್ಕದಲ್ಲಿ ನಮಗಿಂತ ದೊಡ್ಡದು: ವಿಚ್ಛೇದನವಾದ ಗೆಳತಿಯೇ ಗುಲಾಬಿ ಪಟ್ಟಿ ಕಟ್ಟುತ್ತಾಳೆ, ಯಾರೂ ಹುಬ್ಬೇರಿಸುವುದಿಲ್ಲ. ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಬೇಕಿರುವುದು ನೆಪ, ಕಟ್ಟಳೆ ಬೇಕಿಲ್ಲ. ಬರ್ಮಿಂಗ್‌ಹ್ಯಾಮಿನ ಹಜಾರದಲ್ಲಿ ಬಳೆ ತೊಡಿಸುವ ಕೈ ಯಾರದೆಂದು ಕೇಳಲು ಊರ ಹಿರಿಯರು ವಿಮಾನ ಹತ್ತಿ ಬರುವುದಿಲ್ಲ. ಪುರೋಹಿತರ ಪಟ್ಟಿಯಲ್ಲಿ ಇಲ್ಲದ ಶಾಸ್ತ್ರವನ್ನು ತಿದ್ದಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ನೆಪಗಳಲ್ಲಿ ಉತ್ತಮವಾದದ್ದು ಸೀರೆ. ಈಗಿನ ಗೆಳತಿಯರು ಎಲ್ಲರಿಗೂ ಸೇಜ್ ಗ್ರೀನ್ ಎಂಬ ಒಂದೇ ಮಂಕು ಹಸಿರಿನ ಬಟ್ಟೆಯಾಗಬೇಕೆಂದು ಹಟ ಹಿಡಿದು, ಮೊಳಕಾಲ್ಮೂರಿನ ನೇಕಾರರಿಗೂ ಬಣ್ಣದ ಫೋಟೋ ಕಳಿಸುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ರೇಷ್ಮೆ ಸೀರೆಯ ಸ್ವಭಾವವೇ ಒಡಲಿಗೊಂದು ಬಣ್ಣ, ಅಂಚಿಗೆ ಅದಕ್ಕೆ ಎದುರು ನಿಲ್ಲುವ ಇನ್ನೊಂದು ಬಣ್ಣ. ಕೈಮಗ್ಗದಲ್ಲಿ ಒಂದು ಸೀರೆ ಇಳಿಯಲು ದಿನಗಟ್ಟಲೆ ಬೇಕು. ಮುಂದಿನ ಶುಕ್ರವಾರಕ್ಕೆ ಹತ್ತು ಒಂದೇ ಥರ ಎಂದರೆ ನೇಕಾರ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಸುಮ್ಮನಾಗುತ್ತಾನೆ. ಹೊಸದನ್ನು ಬಿಟ್ಟು ಅಮ್ಮಂದಿರ ಸೂಟ್‌ಕೇಸಿನಲ್ಲಿರುವ ಹಳೆಯದನ್ನು ತೆಗೆಯಲಿ. ಮಡಿಕೆ ಬಿದ್ದಲ್ಲಿ ಜರಿ ಕಪ್ಪಾಗಿರುತ್ತದೆ, ಸೆರಗಿನ ತುದಿಯಲ್ಲಿ ಯಾವುದೋ ಮದುವೆಯ ಹೋಳಿಗೆ ತುಪ್ಪದ ಕಲೆ. ಯಾರ ಮದುವೆ ಎಂದು ಒಬ್ಬಳು ಕೇಳಿದರೆ ಸಾಕು, ಆ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾರು ಯಾರನ್ನು ನೋಡಿದರು ಎಂದು ರಾತ್ರಿ ಹನ್ನೊಂದಾಗುತ್ತದೆ. ನಾಲ್ಕನೆಯ ಸೀರೆ ಬಿಚ್ಚುವ ಹೊತ್ತಿಗೆ ಮನೆಯ ಗಂಡಸರು ಕಾರು ನಿಲ್ಲಿಸಿದ ಜಾಗ ಸರಿಯಿದೆಯೇ ನೋಡಿಬರುತ್ತೇವೆಂದು ತಾವಾಗಿ ಜಾಗ ಖಾಲಿ ಮಾಡಿರುತ್ತಾರೆ. ಅಶೋಕನ ಕಾಲದಿಂದ ಇದು ತಪ್ಪಿಲ್ಲ.

ಉಳಿದದ್ದು ಖರ್ಚು. ಹೆನ್ ಪಾರ್ಟಿಯಲ್ಲಿ ಗೆಳೆತನ ಕೆಡುವುದು ಹೆಚ್ಚಾಗಿ ಅಲ್ಲೇ: ಸ್ಪ್ಲಿಟ್‌ವೈಸ್ ಆ್ಯಪು ಯಾರು ಯಾರಿಗೆ ಎಷ್ಟು ಪೆನ್ನಿ ಬಾಕಿಯೆಂದು ತಿಂಗಳಾದರೂ ನೆನಪಿಸುತ್ತಿರುತ್ತದೆ, ಕುಡಿಯದವಳು ಕುಡಿದವಳ ಬಿಲ್ಲು ಹಂಚಿಕೊಂಡ ನೋವು ಬೇರೆ. ನಮ್ಮ ಕಡೆ ಇದಕ್ಕೆ ಮುಯ್ಯಿಯಿದೆ. ಯಾರು ಎಷ್ಟು ಹಾಕಿದರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೂ ಮೇಲೊಂದಿಷ್ಟನ್ನೂ ಹಾಕಿ ಬರುವುದು. ಆ್ಯಪು ಲೆಕ್ಕ ಚುಕ್ತಾ ಮಾಡಲು ಒದ್ದಾಡುತ್ತದೆ. ಮುಯ್ಯಿಯ ಜಾಣತನ ಲೆಕ್ಕ ಎಂದಿಗೂ ಚುಕ್ತಾ ಆಗದಂತೆ ನೋಡಿಕೊಳ್ಳುವುದರಲ್ಲಿದೆ. ಮೇಲೆ ಹಾಕಿದ ಆ ಒಂದಿಷ್ಟಕ್ಕಾಗಿ ಮತ್ತೊಂದು ಮದುವೆಗೆ ಹೋಗಲೇಬೇಕು, ಮತ್ತೆ ಬಳೆ, ಮತ್ತೆ ಸೀರೆ. ಬಾಕಿ ಉಳಿಸಿಕೊಂಡ ಗೆಳತಿಯರು ಹಾಗೇ ಉಳಿಸಿಕೊಳ್ಳಲಿ, ಆದರೆ ಪುಸ್ತಕ ಮಾತ್ರ ಅಜ್ಜಿಯ ಕೈಯಲ್ಲಿರಲಿ. ಪಾಸ್‌ವರ್ಡ್ ಮರೆಯುವ ಭಯವಿಲ್ಲ, ಮಾಫಿಯ ಆಸೆಯೂ ಬೇಡ.